ಸೆಖೆಯ ಊರಿನಲ್ಲಿ ಹಗುರ ಬೆಲ್ಜಿಯನ್ ಏಲ್

ಬೆಲ್ಜಿಯಂ ಬಿಯರ್ ಅಂದರೆ ವೆಸ್ಟ್‌ಮಾಲೆ ಟ್ರಿಪಲ್‌ನಂಥ 9.5% ಆಲ್ಕೋಹಾಲಿನ ಸರಕು ಎಂದೇ ಹೆಚ್ಚಿನವರ ಲೆಕ್ಕ. ಅದನ್ನು ತಯಾರಿಸುವ ವೆಸ್ಟ್‌ಮಾಲೆ ಮಠದ ಸನ್ಯಾಸಿಗಳು ಊಟದ ಜೊತೆ ಕುಡಿಯುತ್ತ ಬಂದದ್ದು ಮಾತ್ರ 4.8%ರ ‘ಎಕ್ಸ್‌ಟ್ರಾ’. ಇನ್ನೊಂದು ಮಠದ ಬಿಯರ್ ಶಿಮೇ ಡೋರೆಯೂ 4.8%. ಕ್ರಾಫ್ಟ್ ಬ್ರೂವರಿಗಳು ಬೆಲ್ಜಿಯನ್ ಸಿಂಗಲ್, ಸೆಷನ್ ಏಲ್ (ಆಲ್ಕೋಹಾಲ್ ಕಡಿಮೆಯ ಬಿಯರ್) ಎಂದು ಮಾರುವುದು ಹೆಚ್ಚುಕಡಿಮೆ ಇದೇ ಜಾತಿ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಕಡಿಮೆ, ಕಾರುಬಾರೆಲ್ಲ ಹುದುಗು ಬರಿಸುವ ಯೀಸ್ಟಿನದು. ಗಟ್ಟಿ ಬಿಯರಿನಲ್ಲಿ ಮುಚ್ಚಿಹೋಗುವ ಸಣ್ಣ ದೋಷವೂ ಇಲ್ಲಿ ನಾಲಿಗೆಗೆ ಸಿಕ್ಕಿಬೀಳುತ್ತದೆ. ಹಾಗಾಗಿ ರುಚಿ ನೋಡುವವರೂ ಅಷ್ಟೇ ಜಾಗ್ರತೆಯಿಂದ ನೋಡಬೇಕು.

ಮೊದಲ ತಪ್ಪು ತಂಪಿನದು. ಕಾರವಾರದ ಏಪ್ರಿಲ್ ಸೆಖೆಗೆ ಫ್ರೀಜರಿನಿಂದ ತೆಗೆದು ಗಟಗಟ ಕುಡಿದರೆ ಬಾಯಾರಿಕೆ ಹೋಗುತ್ತದೆ, ಬಿಯರಿನ ರುಚಿ ಸಿಗುವುದಿಲ್ಲ. 2–3 ಡಿಗ್ರಿಯಲ್ಲಿ ಯೀಸ್ಟಿನ ಪರಿಮಳ ಮೇಲೇಳುವುದೇ ಇಲ್ಲ. ಗ್ಯಾಸಿನ ಚುರುಕು, ಕಹಿ ಇಷ್ಟೇ ಉಳಿಯುತ್ತದೆ. ಬೇಕಾದ್ದು 6ರಿಂದ 9 ಡಿಗ್ರಿ. ಘಟ್ಟದ ಮೇಲೆ ಶಿರಸಿಯಲ್ಲಿ, ಡಿಸೆಂಬರ್ ಸಂಜೆ, ಬಾಟಲಿ ಹೊರಗಿಟ್ಟು ಕಾಲು ಗಂಟೆ ಕಾಯಬೇಕಾದೀತು. ಕರಾವಳಿಯಲ್ಲಿ ಕಾಯುವುದೇ ಬೇಡ. ಸೆಖೆಯ ಕೋಣೆಯಲ್ಲಿದ್ದ ದಪ್ಪ ಗ್ಲಾಸೇ ಮೂರ್ನಾಲ್ಕು ಡಿಗ್ರಿ ಏರಿಸುತ್ತದೆ.

ಗ್ಲಾಸಿನ ವಿಷಯ ಬಂತು. ಮೀನು ಕರಿಯುವ ಅಡುಗೆಮನೆಯಲ್ಲಿ ಗ್ಲಾಸಿಗೆ ಕಣ್ಣಿಗೆ ಕಾಣದ ತೆಂಗಿನೆಣ್ಣೆಯ ಪಸೆ ಅಂಟಿರುತ್ತದೆ. ನೊರೆ ಅರ್ಧ ನಿಮಿಷದಲ್ಲಿ ಕುಸಿದರೆ ಬ್ರೂವರಿಯನ್ನು ಬೈಯುವ ಮೊದಲು ಗ್ಲಾಸ್ ಪರೀಕ್ಷಿಸಿ: ಒಳಗೆ ನೀರು ಹಾಕಿ ಚೆಲ್ಲಿದಾಗ ಒಂದೇ ಪೊರೆಯಾಗಿ ಇಳಿಯಬೇಕು, ಹನಿಹನಿಯಾಗಿ ನಿಂತರೆ ಎಣ್ಣೆ ಇದೆ. ಅಡುಗೆ ಸೋಡಾದಿಂದ ಉಜ್ಜಿ, ಚೆನ್ನಾಗಿ ಜಾಲಿಸಿ, ಬೋರಲು ಹಾಕಿ ಒಣಗಿಸಿ. ಬಟ್ಟೆಯಲ್ಲಿ ಒರೆಸಬೇಡಿ.

330 ಮಿ.ಲೀ. ಬಾಟಲಿಯನ್ನು ಇಬ್ಬರು ಹಂಚಿಕೊಳ್ಳುವುದು ಸರಿಯಾದ ಅಳತೆ. ಬಗ್ಗಿಸಿದ ಬಾಟಲಿಯನ್ನು ನಡುವೆ ನೆಟ್ಟಗೆ ಮಾಡದೆ ಎರಡೂ ಗ್ಲಾಸಿಗೆ 150ರಂತೆ ಸುರಿಯಿರಿ. ಎತ್ತಿ ಇಳಿಸಿದರೆ ತಳದ ಯೀಸ್ಟ್ ಕದಡುತ್ತದೆ. ಕೊನೆಯ 30 ಮಿ.ಲೀ. ಗಸಿಯನ್ನು ಆಮೇಲೆ ಬೇರೆಯಾಗಿ ನೋಡಿ. ಬೈಕಿನಲ್ಲಿ ಕುಲುಕಿ ತಂದ ಬಾಟಲಿಯಾದರೆ ಒಂದು ದಿನ ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಲಿ. ಬೆಲ್ಜಿಯನ್ ಬಿಯರಿಗೆ ಗ್ಯಾಸು ಹೆಚ್ಚು, ಬೆಚ್ಚಗಿದ್ದರೆ ಉಕ್ಕಿಬಿಡುತ್ತದೆ.

ಇನ್ನು ಮೂಗು. ಶಿರಸಿ ಸೀಮೆಯ ತೋಟದವರಿಗೆ ಇಲ್ಲಿ ದೊಡ್ಡ ಅನುಕೂಲ: ಜಜ್ಜಿದ ಲವಂಗ, ಕೊತ್ತಂಬರಿ ಬೀಜ, ಕಾಳುಮೆಣಸು, ಹೇರಳೆಕಾಯಿ ಸಿಪ್ಪೆ ಇವನ್ನು ಬಟ್ಟಲುಗಳಲ್ಲಿಟ್ಟು ಮೊದಲು ಮೂಸಿ, ಆಮೇಲೆ ಗ್ಲಾಸು. ಬಾಳೆಹಣ್ಣಿನ ವಾಸನೆ ಐಸೋಅಮೈಲ್ ಅಸಿಟೇಟಿನದು, ಬಾಳೆಹಣ್ಣಿನಲ್ಲೂ ಇರುವುದು ಅದೇ. ಲವಂಗದಂಥ ಕಾರ 4-ವಿನೈಲ್ ಗ್ವಾಯಕಾಲಿನದು. ಲವಂಗದ ಯೂಜಿನಾಲಿಗೆ ಹತ್ತಿರದ ನೆಂಟ. ಒಳ್ಳೆಯ ಸಿಂಗಲ್‌ನಲ್ಲಿ ಎರಡೂ ಹದವಾಗಿ, ಹಿಂದೆ ಹಾಪ್ಸಿನ (ಬಿಯರಿಗೆ ಕಹಿ ಕೊಡುವ ಹೂವು) ಹುಲ್ಲು-ಹೂವಿನ ಘಮ. ಬಾಳೆ ತೀರ ಕಳಿತಂತಿದ್ದು ನೇಲ್ ಪಾಲಿಶ್ ವಾಸನೆಯೂ ಸೇರಿದರೆ ಹುದುಗು ಹೆಚ್ಚು ಬಿಸಿಯಲ್ಲಿ ನಡೆದಿರಬಹುದು. ಬೆಣ್ಣೆಯ ವಾಸನೆ ಡೈಅಸಿಟೈಲ್. ಯೀಸ್ಟ್ ಕೆಲಸ ಮುಗಿಸುವ ಮೊದಲೇ ತಣಿಸಿದರೆ ಉಳಿಯುತ್ತದೆ. ಹಸಿ ಸೇಬಿನ ವಾಸನೆಯೂ ಅವಸರದ್ದೇ.

ಬಾಯಲ್ಲಿ ನೋಡಬೇಕಾದ್ದು ಮುಖ್ಯವಾಗಿ ಕೊನೆ. ಸಕ್ಕರೆಯಂಶ ಪೂರ್ತಿ ಹುದುಗಿ ಅಂತಿಮ ಗ್ರಾವಿಟಿ (ಹುದುಗಿದ ಮೇಲಿನ ಸಾಂದ್ರತೆ; ನೀರಿನದು 1.000) 1.010ರ ಒಳಗೆ ಬಂದಿದ್ದರೆ ಗುಟುಕು ಒಣಗಿದಂತೆ ಮುಗಿದು ಇನ್ನೊಂದು ಗುಟುಕು ಬೇಡುತ್ತದೆ. ತುಟಿಗೆ ಸಿಹಿ ಅಂಟಿದರೆ ಅದು ಸೋತ ಬಿಯರ್. ನೀರುನೀರಾಗಿದ್ದರೂ ಹಾಗೇ: ಹಗುರ ಬೇರೆ, ಸಪ್ಪೆ ಬೇರೆ.

ಒದ್ದೆ ರಟ್ಟಿನ ರುಚಿ ಬಂದರೆ ತಪ್ಪು ಬಹುಪಾಲು ದಾಸ್ತಾನಿನದು. ಬ್ರೂವರ್‌ಗಳ ಸ್ಥೂಲ ಲೆಕ್ಕದಲ್ಲಿ 32 ಡಿಗ್ರಿಯ 3 ದಿನ, 22ರ 30 ದಿನ, 3ರ 300 ದಿನ ಬಿಯರ್ ಹಳಸುವುದರಲ್ಲಿ ಸಮ. ತಣ್ಣಗಾಗಿ ಮತ್ತೆ ಬೆಚ್ಚಗಾದರೆ ಕೆಡುತ್ತದೆ ಎನ್ನುವುದು ತಪ್ಪು. ಒಟ್ಟು ಎಷ್ಟು ಹೊತ್ತು ಬಿಸಿಯಲ್ಲಿತ್ತು ಎನ್ನುವುದೇ ಲೆಕ್ಕ. ಬಿಸಿಲು ಇನ್ನೂ ಕ್ರೂರ. ಹಸಿರು ಬಾಟಲಿಯಾಗಲಿ ಗ್ಲಾಸಾಗಲಿ, ನೇರ ಬಿಸಿಲಿಗೆ ಹಾಪ್ಸಿನ ಕಹಿ ಅಂಶ ಒಡೆದು ನಿಮಿಷಗಳಲ್ಲೇ ಸುಟ್ಟ ರಬ್ಬರಿನಂಥ ನಾತ ಬರುತ್ತದೆ. ಕಂದು ಬಾಟಲಿ ಅಥವಾ ಕ್ಯಾನ್ ಆರಿಸಿ.

ಊಟ ಆಮೇಲೆ. ಜುಮ್ಮನಕಾಯಿ ಹಾಕಿದ ಬಂಗಡೆ ಸಾರು ಉಂಡ ನಾಲಿಗೆ ಮರಗಟ್ಟಿರುತ್ತದೆ, ಅದರ ಮೇಲೆ ರುಚಿ ನೋಡಿ ಪ್ರಯೋಜನವಿಲ್ಲ. ಗ್ಲಾಸಿನ ಪಕ್ಕದಲ್ಲಿ ಏನಾದರೂ ಬೇಕೆಂದರೆ ಖಾರ ಕಡಿಮೆ ಹಚ್ಚಿದ ನೊಗ್ಲಿ ಮೀನಿನ ರವಾ ಫ್ರೈ, ಮೇಲೊಂದು ಹನಿ ಲಿಂಬೆ.