ಹರಿಕೇನ್‌ನ ಬೊಟ್ಟು ಅಳಿಸಿದ ಭಾನುವಾರ

ಮೂರು ತಿಂಗಳಿಂದ ಊಟದ ಮೇಜಿನ ಒಂದು ಮೂಲೆ ಹಿಡಿದು ಕೂತಿದ್ದ ಹಾಕರ್ ಹರಿಕೇನ್, ಅಂದರೆ ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನದ ಮಾದರಿ, ಕಳೆದ ಭಾನುವಾರ ಮುಗಿಯಿತು. 1/72 ಅಳತೆಯ ಪ್ಲಾಸ್ಟಿಕ್ ಕಿಟ್. ನಿಜವಾದ ವಿಮಾನದ ರೆಕ್ಕೆ ಈ ತುದಿಯಿಂದ ಆ ತುದಿಗೆ 12 ಮೀಟರ್ ಚಿಲ್ಲರೆ, ನನ್ನದು 17 ಸೆಂಟಿಮೀಟರ್.

ಅಂಟಿಸೋದೇನು ಕಷ್ಟವಲ್ಲ. ಎರಡು ಹೋಳು ಸೇರಿಸಿ ಸಂದಿಗೆ ಸಿಮೆಂಟ್ ಅನ್ನೋ ನೀರಿನಂಥ ಪ್ಲಾಸ್ಟಿಕ್ ಅಂಟು ಮುಟ್ಟಿಸಿದರೆ ಸಾಕು, ಅದೇ ಹರಿದುಕೊಂಡು ಹೋಗಿ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆದುಬಿಡುತ್ತದೆ. ನನ್ನ ದಿನಗಳನ್ನೆಲ್ಲ ತಿಂದಿದ್ದು ಉಜ್ಜುವ ಕೆಲಸ. ಹರಿಕೇನ್‌ನ ಹಿಂಬದಿ ತಗಡಲ್ಲ, ಮರದ ಪಟ್ಟಿಗಳ ಮೇಲೆ ಬಿಗಿದ ಬಟ್ಟೆ. ಆ ಪಟ್ಟಿಗಳ ಉಬ್ಬು ಕಿಟ್‌ನಲ್ಲೂ ಸಣ್ಣದಾಗಿ ಮೂಡಿರುತ್ತದೆ. ಬೆನ್ನಿನ ಸಂದು ಕಾಣಬಾರದು ಅಂತ ಮರಳು ಕಾಗದದಲ್ಲಿ ಉಜ್ಜಿ ಉಜ್ಜಿ ಎರಡು ಪಟ್ಟಿಯನ್ನೇ ಮಾಯ ಮಾಡಿಬಿಟ್ಟೆ. ಕೊನೆಗೆ ಮಿಕ್ಕ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಗೆ ಹಿಡಿದು, ಮೆತ್ತಗಾದ ಕೂಡಲೇ ಎಳೆದೆ. ಕೂದಲಿನಂಥ ಎಳೆ ಬಂತು. ಅದನ್ನೇ ಪಟ್ಟಿಯ ಜಾಗಕ್ಕೆ ಅಂಟಿಸಿದೆ. ಹೇಳದಿದ್ದರೆ ಯಾರಿಗೂ ಗೊತ್ತಾಗಲ್ಲ, ಈಗ ಹೇಳಿಬಿಟ್ಟೆ.

ಭಾನುವಾರಕ್ಕೆ ಉಳಿದಿದ್ದು ಡೀಕಲ್, ಅಂದರೆ ವಿಮಾನದ ಗುರುತುಗಳ ತೆಳು ಅಂಟುಚಿತ್ರ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಕಾಗದದಿಂದ ಮೆಲ್ಲಗೆ ಜಾರಿಸಿ ರೆಕ್ಕೆ ಮೇಲೆ ಕೂರಿಸಬೇಕು. ಕಡುನೀಲಿ ಬಳೆ, ನಡುವೆ ಕೆಂಪು ಚುಕ್ಕೆ. ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅಮ್ಮ ಬಗ್ಗಿ ನೋಡಿ, "ಲಕ್ಷಣವಾಗಿ ಬೊಟ್ಟಿಟ್ಟ ಹಾಗಿದೆ ಕಣೋ" ಅಂದರು.

ತೊಂದರೆ ಇದ್ದಿದ್ದೇ ಆ ಬೊಟ್ಟಿನಲ್ಲಿ. ಡಬ್ಬಿಯಲ್ಲಿದ್ದ ಗುರುತುಗಳೆಲ್ಲ ಇಂಗ್ಲೆಂಡಿನ ಆಕಾಶದವು. ನನಗೆ ಬೇಕಿದ್ದದ್ದು 1944ರಲ್ಲಿ ಇಂಫಾಲದಲ್ಲಿ ಅರ್ಜನ್ ಸಿಂಗ್ ಅವರ ಮುಂದಾಳತ್ವದಲ್ಲಿ ನಮ್ಮ ವಾಯುಪಡೆಯ 1ನೇ ಸ್ಕ್ವಾಡ್ರನ್ (ತುಕಡಿ) ಹಾರಿಸಿದಂಥ ಹರಿಕೇನ್. ಬರ್ಮಾ ಕಡೆ ಜಪಾನಿನ ವಿಮಾನಗಳ ಮೇಲೂ ಕೆಂಪು ಉಂಡೆಯೇ ಇರುತ್ತಿತ್ತು. ದೂರದಿಂದ ಕೆಂಪು ಕಂಡರೆ ಸಾಕು, ನಮ್ಮವರ ಮೇಲೆ ನಮ್ಮವರೇ ಗುಂಡು ಹಾರಿಸುವ ಭಯ. ಅದಕ್ಕೇ ಅಲ್ಲಿ ಕೆಂಪನ್ನೇ ತೆಗೆದುಹಾಕಿದ್ದರು. ಕಡುನೀಲಿಯ ನಡುವೆ ತಿಳಿನೀಲಿ, ಅಷ್ಟೇ.

ಬಿಳಿಗೆ ಒಂದು ಹನಿ ನೀಲಿ ಬೆರೆಸಿ, ಸಣ್ಣ ಕುಂಚದಲ್ಲಿ ಕೆಂಪಿನ ಮೇಲೆ ಬಳಿಯಲು ಕೂತೆ. ಉಸಿರು ಬಿಗಿಹಿಡಿದರೂ ಕೈ ನಡುಗುತ್ತಿತ್ತು. ಮೊದಲ ಕೋಟ್‌ಗೆ ಕೆಂಪು ಹೋಗಲಿಲ್ಲ, ಗುಲಾಬಿಯಾಯಿತು. ಹೊರಗೆ ಮಳೆ ಬೇರೆ, ಬಣ್ಣ ಒಣಗುವ ಮಾತೇ ಇಲ್ಲ.

ಅಮ್ಮನ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು. "ಅಯ್ಯೋ, ಬೊಟ್ಟು ಯಾಕೋ ಅಳಿಸ್ತಿದೀಯ? ಅಪಶಕುನ." ಜಪಾನು, ಬರ್ಮಾ, ಗುಂಡು ಎಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು. "ಅಂದ್ರೆ ಜೀವ ಉಳಿಯಲಿ ಅಂತ ಅಳಿಸಿದ್ದಾ? ಹಂಗಾದ್ರೆ ಸರಿ. ನೀಟಾಗಿ ಅಳಿಸು, ಇನ್ನೂ ಕಾಣ್ತಿದೆ."

ಮೂರು ಕೋಟ್ ಬೇಕಾಯಿತು. ಅಲ್ಲಿ ಹಾರಿಸಿದ ವಿಮಾನಗಳ ಗುರುತು ಇದಕ್ಕಿಂತ ಚಿಕ್ಕದು, ಬಲ್ಲವರು ನೋಡಿದರೆ ತಕ್ಷಣ ಹಿಡಿಯುತ್ತಾರೆ. ಹಿಡಿಯಲಿ ಬಿಡಿ. ಸಂಜೆ ಅದನ್ನು ಟಿವಿ ಪಕ್ಕ ಇಟ್ಟೆ. ಪ್ರೊಪೆಲ್ಲರ್‌ಗೆ ಮಾತ್ರ ಬೇಕಂತಲೇ ಅಂಟು ಹಾಕಿಲ್ಲ. ಅಮ್ಮ ಅತ್ತಿತ್ತ ನೋಡಿ, ಒಂದು ಸಲ ಉಫ್ ಅಂತ ಊದಿದರು.