ಬಗ್ಗೋದು ಆಮೇಲೆ, ಮೊದಲು ಉಸಿರು ಬಿಡಿ

ಡಿಸೆಂಬರ್ ಮೂರನೇ ವಾರ, ಬೆಳಗ್ಗೆ 5.20. ಸ್ವೆಟರ್, ಮಂಕಿ ಟೋಪಿ, ಕಂಕುಳಲ್ಲಿ ಹೊಸ ಮ್ಯಾಟು. ಹನುಮಂತನಗರದ ನಮ್ಮ ಬೀದಿಯಲ್ಲಿ ಹಾಲಿನವರು ಮತ್ತು ನಾಯಿಗಳನ್ನು ಬಿಟ್ಟರೆ ನಾನೊಬ್ಬನೇ ಇದ್ದೆ. ನಾಯಿಗಳಿಗೆ ಟೋಪಿ ಹಿಡಿಸಲಿಲ್ಲ, ಬೀದಿ ತುದಿವರೆಗೂ ಬೊಗಳುತ್ತಾ ಬಂದವು.

ಇದು ನನ್ನ ಮೊದಲ ಪ್ರಯತ್ನವೇನಲ್ಲ. ಹೋದ ವರ್ಷ ಒಂದು ಎ.ಸಿ. ಯೋಗ ಸೆಂಟರಿಗೆ ಮೂರು ತಿಂಗಳ ಫೀಸು ಕಟ್ಟಿ ನಾಲ್ಕೇ ದಿನ ಹೋಗಿದ್ದೆ. ದುಡ್ಡು ವಾಪಸ್ ಬರಲಿಲ್ಲ. ಅದರ ಮಾತು ಬೇಡ ಬಿಡಿ, ಮನೆಯಲ್ಲಿ ಇನ್ನೂ ನಡೀತಿದೆ. ಈ ಸಲದ್ದು ದೇವಸ್ಥಾನದ ಹಿಂದಿನ ಹಾಲ್‌ನಲ್ಲಿ ನಡೆಯುವ ಉಚಿತ ತರಗತಿ. ಔಟರ್ ರಿಂಗ್ ರೋಡಿನ ಆಫೀಸಿಗೆ ದಿನಾ ಹೋಗಿ ಬರೋದೇ ಮೂರು ಗಂಟೆ, ಅಲ್ಲಿ ಕೂರೋದು ಒಂಬತ್ತು ಗಂಟೆ. ಸೊಂಟ ಹಿಡಿದುಕೊಂಡು ಬಚ್ಚಲಲ್ಲಿ ಬಗ್ಗೋಕೂ ಆಗದಿದ್ದಾಗ ಹೆಂಡತಿ, "ಮೇಷ್ಟ್ರ ಹತ್ರ ಮಾತಾಡಿದೀನಿ, ನಾಳೆಯಿಂದ ಹೋಗಿ" ಅಂದಳು. ಹೋದೆ.

ಹೋಗುವ ಮುಂಚೆ ಒಂದು ತಪ್ಪು ಮಾಡಿದ್ದೆ. ಖಾಲಿ ಹೊಟ್ಟೆಯಲ್ಲಿ ವ್ಯಾಯಾಮ ಮಾಡಿದರೆ ತಲೆ ಸುತ್ತುತ್ತೆ ಅಂತ ನಾನೇ ತೀರ್ಮಾನ ಮಾಡಿಕೊಂಡು ಎರಡು ಬಾಳೆಹಣ್ಣು ತಿಂದು, ಒಂದು ದೊಡ್ಡ ಲೋಟ ಕಾಫಿ ಕುಡಿದೆ. ಯೋಗಕ್ಕೆ ಹೊಟ್ಟೆ ಖಾಲಿ ಇರಬೇಕಂತೆ, ಊಟ ಮಾಡಿದ್ದರೆ ಮೂರ್ನಾಲ್ಕು ಗಂಟೆ ಬಿಡಬೇಕಂತೆ. ಇದು ನನಗೆ ಗೊತ್ತಾಗಿದ್ದು ಬೋರಲು ಮಲಗಿ ಭುಜಂಗಾಸನ ಮಾಡುವಾಗ, ಬಾಳೆಹಣ್ಣು ಗಂಟಲವರೆಗೆ ಬಂದ ಮೇಲೆ.

ಹಾಲ್‌ನಲ್ಲಿ ಮೂವತ್ತು ಜನ ಇದ್ದರು, ಅರ್ಧಕ್ಕರ್ಧ ಜಮಖಾನದ ಮೇಲೆ. ದುಬಾರಿ ಮ್ಯಾಟು ತಂದವನು ನಾನೇ, ಏನೂ ಬಾರದವನೂ ನಾನೇ. ಸೂರ್ಯ ನಮಸ್ಕಾರ ಶುರುವಾಯಿತು. ಮೇಷ್ಟ್ರು ನಮ್ಮ ಕಡೆ ಮುಖ ಮಾಡಿ ನಿಂತು "ಬಲಗಾಲು ಹಿಂದೆ" ಅಂತ ಹೇಳಿ, ನಮಗೆ ಕನ್ನಡಿ ಥರ ಕಾಣಲಿ ಅಂತ ತಾವು ಎಡಗಾಲು ಹಿಂದಿಡುತ್ತಾರೆ. ಎಲ್ಲರಿಗೂ ಇದು ಗೊತ್ತು. ನಾನು ಮಾತ್ರ ಅವರು ಇಟ್ಟಿದ್ದು ಎಡಗಾಲಲ್ವಾ ಅಂತ ಲೆಕ್ಕ ಹಾಕಿ ಎಡಗಾಲು ಹಿಂದಿಟ್ಟು, ಪಕ್ಕದವರನ್ನು ನೋಡಿ ಬದಲಾಯಿಸಿ, ಅಷ್ಟರಲ್ಲಿ ಅವರೆಲ್ಲ ಮುಂದಿನ ಹಂತಕ್ಕೆ ಹೋಗಿ, ಹೀಗೇ 12 ಹಂತವೂ ಒಂದು ಸ್ಟಾಪ್ ಹಿಂದೆಯೇ ಓಡಿದೆ. ಸಾಷ್ಟಾಂಗದಲ್ಲಿ ನೆಲಕ್ಕೆ ತಾಗಬೇಕಾದ್ದು ಎರಡು ಪಾದ, ಎರಡು ಮಂಡಿ, ಎರಡು ಅಂಗೈ, ಎದೆ, ಹಣೆ. ನನ್ನದು ಮೊದಲು ಹೊಟ್ಟೆ ತಾಗಿತು.

ಪಾದಹಸ್ತಾಸನದಲ್ಲಿ ಕೈ ಮಂಡಿಯಿಂದ ನಾಲ್ಕು ಬೆರಳು ಕೆಳಗೆ ಹೋಗಿ ನಿಂತಿತು. ಹಲ್ಲು ಕಚ್ಚಿ ಇನ್ನೂ ಬಗ್ಗಿದೆ. ಮೇಷ್ಟ್ರು ಹತ್ತಿರ ಬಂದು, "ಸರ್, ಉಸಿರೇ ಬಿಟ್ಟಿಲ್ಲ ನೀವು" ಅಂದರು.

ಹೌದು, ಬಿಟ್ಟಿರಲಿಲ್ಲ! ಶುರುವಿನಿಂದ ಕಟ್ಟಿ ಹಿಡಿದುಕೊಂಡೇ ಇದ್ದೆ. "ಮೇಲೇಳೋವಾಗ ತಗೊಳ್ಳಿ, ಬಗ್ಗೋವಾಗ ಬಿಡಿ. ಹೊಟ್ಟೆ ತುಂಬ ಗಾಳಿ ತುಂಬ್ಕೊಂಡು ಮಡಚಿ ಅಂದ್ರೆ ಅದೆಲ್ಲಿ ಮಡಚುತ್ತೆ? ಮಂಡಿ ಸ್ವಲ್ಪ ಮಡಿಸಿ, ಪರವಾಗಿಲ್ಲ." ಬಿಟ್ಟೆ. ಕೈ ಇನ್ನೆರಡು ಬೆರಳು ಕೆಳಗೆ ಹೋಯಿತು. ಅಷ್ಟೇ, ಪಾದ ಇನ್ನೂ ದೂರ. ಆದರೆ ತೊಡೆಯ ಹಿಂದೆ ತಂತಿ ಎಳೆದ ಹಾಗೆ ಆಗುತ್ತಿದ್ದ ಬಿಗಿತ ತುಸು ಸಡಿಲವಾಯಿತು.

ಕೂತು ಮಾಡುವ ಪಶ್ಚಿಮೋತ್ತಾನಾಸನಕ್ಕೆ ತಮ್ಮ ಹೆಗಲ ಮೇಲಿನ ಟವೆಲ್ ಕೊಟ್ಟು, ಅದನ್ನು ಪಾದಕ್ಕೆ ಸುತ್ತಿ ಹಿಡಿದುಕೊಳ್ಳಿ ಅಂದರು. ನಾನು ನಾಚಿಕೊಂಡಿದ್ದು ನೋಡಿ, "ಬಿ.ಕೆ.ಎಸ್. ಅಯ್ಯಂಗಾರರು ನಮ್ಮ ಕೋಲಾರದ ಕಡೆ ಬೆಳ್ಳೂರಿನವರು, 1918ರಲ್ಲಿ ಹುಟ್ಟಿದ್ದು. ಚಿಕ್ಕವರಿದ್ದಾಗ ಬರೀ ಕಾಯಿಲೆ. ಬೆಲ್ಟು, ಹಗ್ಗ, ಮರದ ದಿಮ್ಮಿ ಇಟ್ಕೊಂಡೇ ಪ್ರಪಂಚಕ್ಕೆಲ್ಲ ಯೋಗ ಕಲಿಸಿದರು. ನಿಮಗೆ ಒಂದು ಟವೆಲ್‌ಗೆ ನಾಚಿಕೆನಾ?" ಅಂದರು. ಸುಮ್ನೆ ಸುತ್ತಿಕೊಂಡೆ.

ಶವಾಸನದಲ್ಲಿ ನೆಮ್ಮದಿ ಸಿಗುತ್ತೆ ಅಂತಾರೆ. ನನಗೆ ಸಿಕ್ಕಿದ್ದು ಹುಗ್ಗಿ ವಾಸನೆ. ಧನುರ್ಮಾಸ ಅಲ್ವಾ, ಪಕ್ಕದ ಅಡುಗೆಮನೆಯಿಂದ ತುಪ್ಪ, ಮೆಣಸು, ಜೀರಿಗೆಯ ಘಮ. "ಮನಸ್ಸು ಉಸಿರಿನ ಮೇಲಿರಲಿ" ಅಂತಿದ್ದರು ಮೇಷ್ಟ್ರು. ಉಸಿರಿನ ಮೇಲೇ ಇತ್ತು, ಉಸಿರಲ್ಲಿ ಹುಗ್ಗಿ ಇತ್ತು. ಕ್ಲಾಸ್ ಮುಗಿದ ಮೇಲೆ ದೊನ್ನೆಯಲ್ಲಿ ಬಿಸಿಬಿಸಿ ಪ್ರಸಾದ. ನಾನು ಮತ್ತೆ ಮಾರನೇ ದಿನ ಹೋಗಿದ್ದಕ್ಕೆ ಅರ್ಧ ಕಾರಣ ಅದೇ.

ಮಾರನೇ ದಿನ ಮೆಟ್ಟಿಲನ್ನು ಅಡ್ಡಡ್ಡ ಇಳಿದೆ. ಸೊಂಟದ ನೋವು ಮಾಯವಾಗಲಿಲ್ಲ, ಈಗಲೂ ಇದೆ, ಕಡಿಮೆ ಇದೆ ಅಷ್ಟೇ. ಬದಲಾಗಿದ್ದು ಇನ್ನೊಂದು. ಆಫೀಸಲ್ಲಿ ಬಾಸ್ ಮೇಲ್ ತೆರೆಯುವಾಗ, ಇಕ್ಕಟ್ಟಿನಲ್ಲಿ ಕಾರು ನಿಲ್ಲಿಸುವಾಗ, ಉಸಿರು ಕಟ್ಟಿ ಕೂತಿರುವುದು ಈಗ ಗೊತ್ತಾಗುತ್ತೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಮಾತ್ರ ಕಟ್ಟಿ ಹಿಡಿಯೋದೇ ವಾಸಿ, ಆ ಹೊಗೆಗೆ.

ಸಂಕ್ರಾಂತಿಗೆ ಧನುರ್ಮಾಸ ಮುಗಿದು ಹುಗ್ಗಿ ನಿಂತಿತು. ರಥಸಪ್ತಮಿಗೆ 108 ಸೂರ್ಯ ನಮಸ್ಕಾರ ಇದೆ ಅಂತ ಮೇಷ್ಟ್ರು ನೋಟ್‌ಬುಕ್ ಹಿಡಿದು ಬಂದರು.

"ನಿಮ್ಮದು ಎಷ್ಟು ಬರ್ಕೊಳ್ಳಲಿ ಸರ್?"

"12 ಬರ್ಕೊಳ್ಳಿ ಮೇಷ್ಟ್ರೇ."

ಅವರು 24 ಅಂತ ಬರೆದುಕೊಂಡು ಮುಂದಿನವರ ಹತ್ತಿರ ಹೋದರು.