ಜಾಗ್ ಬಟನ್ ಟಚ್ ಸ್ಕ್ರೀನ್ ಮೇಲೆ ಬೇಡ

ಈಗ ಪೀಣ್ಯದ ಸಣ್ಣ ಶೆಡ್‌ಗಳಲ್ಲೂ ಮೆಷಿನ್ ಅಂದ್ರೆ ಟಚ್ ಸ್ಕ್ರೀನ್ ಇರಲೇಬೇಕು ಅನ್ನೋ ಹಾಗಾಗಿದೆ. ಒಳ್ಳೆಯದೇ. ಮೊದಲೆಲ್ಲ ಒಂದು ಟೈಮರ್ ಬದಲಾಯಿಸಬೇಕಂದ್ರೆ ಪ್ಯಾನೆಲ್ ಬಾಗಿಲು ತೆಗೆದು ಒಳಗಿನ ನಾಬ್ ತಿರುಗಿಸಬೇಕಿತ್ತು, ಈಗ ಆಪರೇಟರ್ ಹೊರಗೆ ನಿಂತೇ ಆ ಕೆಲಸ ಮುಗಿಸುತ್ತಾರೆ. ಆದರೆ ವೈರಿಂಗ್ ಖರ್ಚು ಉಳಿಯುತ್ತೆ ಅಂತ ಇದ್ದಬದ್ದ ಬಟನ್‌ಗಳನ್ನೆಲ್ಲ ಸ್ಕ್ರೀನಿಗೇ ಹಾಕುವುದನ್ನು ನೋಡಿದರೆ ನನಗೆ ಭಯವಾಗುತ್ತದೆ.

ಜಾಗ್ ಬಟನ್ನನ್ನೇ ತಗೊಳ್ಳಿ. ಒತ್ತಿದಷ್ಟು ಹೊತ್ತು ಮೋಟಾರ್ ತಿರುಗಬೇಕು, ಬಿಟ್ಟ ತಕ್ಷಣ ನಿಲ್ಲಬೇಕು. ಸ್ಕ್ರೀನ್ ಮೇಲೆ ಇದು ಸಾಮಾನ್ಯವಾಗಿ ನಡೆಯೋದು ಹೀಗೆ: ಬೆರಳಿಟ್ಟಾಗ ಸ್ಕ್ರೀನ್ ಪಿಎಲ್‌ಸಿಗೆ (ಮೆಷಿನ್ ನಡೆಸುವ ಪುಟ್ಟ ಕಂಪ್ಯೂಟರ್) 1 ಬರೆಯುತ್ತದೆ, ತೆಗೆದಾಗ 0 ಬರೆಯುತ್ತದೆ. ಈ ಎರಡರ ನಡುವೆ ಕೇಬಲ್ ಸಡಿಲವಾಗಿಯೋ, ಪಕ್ಕದ ಡ್ರೈವ್‌ನ (ಮೋಟಾರ್ ವೇಗ ನಿಯಂತ್ರಿಸುವ ಸಾಧನ) ವಿದ್ಯುತ್ ನಾಯ್ಸ್‌ನಿಂದಲೋ ಕಮ್ಯುನಿಕೇಶನ್ ಹೋದರೆ ಆ 0 ತಲುಪುವುದೇ ಇಲ್ಲ. ಪಿಎಲ್‌ಸಿಯಲ್ಲಿ 1 ಹಾಗೇ ಕೂತಿರುತ್ತದೆ, ಬೆರಳು ತೆಗೆದರೂ ರೋಲರ್ ತಿರುಗುತ್ತಲೇ ಇರುತ್ತದೆ, ಅದನ್ನು ಬಟ್ಟೆ ಹಿಡಿದು ಒರೆಸಲು ಬಂದವರ ಕೈ ಅಲ್ಲೇ ಪಕ್ಕದಲ್ಲಿರುತ್ತದೆ. ಅದಕ್ಕೇ ಜಾಗ್‌ಗೆ ನಿಜವಾದ ಬಟನ್ ಹಾಕಿ, ನೇರ ಪಿಎಲ್‌ಸಿ ಇನ್‌ಪುಟ್‌ಗೆ ವೈರ್ ಎಳೆಯಿರಿ. ಗಿರಾಕಿ ಸ್ಕ್ರೀನಿನಲ್ಲೇ ಬೇಕು ಅಂತ ಹಟ ಹಿಡಿದರೆ, ಸ್ಕ್ರೀನ್ ಕಡೆಯಿಂದ ಸದಾ ಬದಲಾಗುವ ಒಂದು ಸಂಖ್ಯೆ ಪಿಎಲ್‌ಸಿಗೆ ಬರುತ್ತಿರಲಿ, ಅದು ನಿಂತ ಕೂಡಲೇ ಪಿಎಲ್‌ಸಿಯೇ ಜಾಗ್ ಕಡಿಯಲಿ. ಆದರೂ ನನ್ನ ಓಟು ಬಟನ್‌ಗೇ.

ಎಮರ್ಜೆನ್ಸಿ ಸ್ಟಾಪ್ ಬಗ್ಗೆ ಚರ್ಚೆಯೇ ಬೇಡ. ಹಳದಿ ಹಿನ್ನೆಲೆಯಲ್ಲಿ ಕೆಂಪು ಮಶ್ರೂಮ್ ಬಟನ್, ಸೇಫ್ಟಿ ರಿಲೇಗೆ (ಅಪಾಯದಲ್ಲಿ ಮೆಷಿನ್ ನಿಲ್ಲಿಸಲೆಂದೇ ಇರುವ ಸಾಧನ) ನೇರ ವೈರ್. ಎಮರ್ಜೆನ್ಸಿ ಸ್ಟಾಪ್‌ಗೆ ಇರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 13850 ಪ್ರಕಾರ ಒತ್ತಿದರೆ ಅದು ಲಾಕ್ ಆಗಬೇಕು, ಬಿಡಿಸಿದ ಮಾತ್ರಕ್ಕೆ ಮೆಷಿನ್ ತಾನಾಗಿ ಶುರುವಾಗಬಾರದು.

ಹಾಗಾದ್ರೆ ಸ್ಕ್ರೀನ್ ಯಾಕೆ? ನೋಡೋದಕ್ಕೆ, ಸೆಟ್ಟಿಂಗ್ ಬದಲಾಯಿಸೋದಕ್ಕೆ, ಎಲ್ಲಕ್ಕಿಂತ ಜಾಸ್ತಿ ಮೆಷಿನ್ ಯಾಕೆ ನಿಂತಿತು ಅಂತ ಹೇಳೋದಕ್ಕೆ. ರಾತ್ರಿ ಶಿಫ್ಟ್‌ನಲ್ಲಿ ಒಬ್ಬರೇ ಇರುವ ಆಪರೇಟರ್‌ಗೆ ಸುಮ್ನೆ "ಅಲಾರ್ಮ್ 17" ಅಂತ ತೋರಿಸಿದರೆ ಏನು ಪ್ರಯೋಜನ? "ಎಡಗಡೆ ಗಾರ್ಡ್ ತೆರೆದಿದೆ, ಮುಚ್ಚಿ ರೀಸೆಟ್ ಒತ್ತಿ" ಅಂತ ಬರೆಯಿರಿ, ಅದನ್ನು ಕನ್ನಡದಲ್ಲೇ ಬರೆಯಿರಿ. ಬಿಹಾರ, ಒಡಿಶಾ ಕಡೆಯವರೂ ಕೆಲಸಕ್ಕಿದ್ದರೆ ಭಾಷೆ ಬದಲಾಯಿಸಲು ಒಂದು ಬಟನ್ ಇಡಿ, ಆ ಬಟನ್ ಸ್ಕ್ರೀನ್ ಮೇಲೆ ಧಾರಾಳವಾಗಿ ಇರಲಿ.

ಒಂದು ಎಚ್ಚರ. ಕಂಪ್ಯೂಟರಿನ ಸಿಮ್ಯುಲೇಶನ್‌ನಲ್ಲಿ ಕನ್ನಡ ಚೆನ್ನಾಗೇ ಕಾಣುತ್ತದೆ, ಅದೇ ಪ್ರಾಜೆಕ್ಟ್ ಕೆಲವು ಸ್ಕ್ರೀನ್‌ಗಳಿಗೆ ಡೌನ್‌ಲೋಡ್ ಮಾಡಿದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ "ಒತ್ತಿ" ಅನ್ನೋದು "ಒತ್‌ತಿ" ಆಗುತ್ತದೆ. ಹಾಗಾದರೆ ಇಂಗ್ಲಿಷಿಗೆ ಹಿಂತಿರುಗಬೇಡಿ. ಆ ಸಾಲನ್ನು ಚಿತ್ರವಾಗಿ ಸೇವ್ ಮಾಡಿ ಹಾಕಿ. ಅಲಾರ್ಮ್ ಪಟ್ಟಿ ದೊಡ್ಡದಿದ್ದರೆ ಇದು ಬೇಸರದ ಕೆಲಸ, ನಿಜ, ಪದೇ ಪದೇ ಬರುವ ಅಲಾರ್ಮ್‌ಗಳಿಂದ ಶುರು ಮಾಡಿ.